ಉಪವಾಸ ಮುರಿದ ಶನಿವಾರ

ಬಂಗಾರಪೇಟೆ ಹತ್ತಿರದ ಹಳ್ಳಿಯೊಂದರಲ್ಲಿ ಹಸು ಕಟ್ಟಿಕೊಂಡಿದ್ದ ಅಕ್ಕ ಒಬ್ಬರು ಪ್ರತಿ ಶನಿವಾರ ಕೆಜಿಎಫ್‌ನ ಉರಿಗಾಂನಲ್ಲಿ ಹಳೆಯ ಗಣಿ ಕಾರ್ಮಿಕರಿರುವ ಲೈನ್ ಮನೆಗಳಿಗೆ ಅನ್ನ ತರುತ್ತಿದ್ದರು. ಅವರ ಮಗಳಿಗೆ ಎರಡು ಸಲ ಗರ್ಭ ನಿಂತಿರಲಿಲ್ಲ. ಮೂರನೆಯದು ನಿಲ್ಲಲೆಂದು ವೆಂಕಟರಮಣಸ್ವಾಮಿಗೆ ಹರಕೆ ಹೊತ್ತಿದ್ದರು: ಹೆರಿಗೆಯಾಗುವವರೆಗೆ ಶನಿವಾರ ಸಂಜೆ ದೀಪ ಹಚ್ಚುವ ತನಕ ಉಪವಾಸ, ಹಸಿದವರಿಗೆ ಅನ್ನ. ನಾನು ಅಲ್ಲಿನ ಕಾರ್ಖಾನೆ ಕೆಲಸಕ್ಕೆಂದು ದಾವಣಗೆರೆ ಕಡೆಯಿಂದ ಬಂದವನು, ದೇವರನ್ನು ನಂಬದವನು. ಅವರ ಜೊತೆ ಪಾತ್ರೆ ಹೊರುತ್ತಿದ್ದೆ. ಹರಕೆಗೆ ಕೊಡುವುದು ವ್ಯಾಪಾರ, ನನ್ನದೇ ನಿಜವಾದ ಸೇವೆ ಎಂದು ಒಳಗೊಳಗೇ ಬೀಗುತ್ತಿದ್ದೆ.

ಅಲ್ಲೊಬ್ಬರು ಒಂಟಿ ತಾತ. ಗಣಿಯ ದೂಳು ಕುಡಿದು ಎದೆ ಕೆಟ್ಟಿತ್ತು. ಒಂದು ಶನಿವಾರ ಮಧ್ಯಾಹ್ನ ಹೋದಾಗ ಗೋಡೆಗೊರಗಿ ಏದುಸಿರು ಬಿಡುತ್ತಿದ್ದರು. ಎರಡು ದಿನದಿಂದ ಊಟವಿಲ್ಲ, ಮಾತ್ರೆಯೂ ಇಲ್ಲ ಎಂದು ಪಕ್ಕದ ಮನೆಯವರು ಹೇಳಿದರು.

ಅಕ್ಕ ಮುಂದಿಟ್ಟ ಮೊಸರನ್ನದ ತಟ್ಟೆಯನ್ನು ತಾತ ದೂರ ತಳ್ಳಿದರು.

"ಬೇಡಮ್ಮಾ. ನಿನ್ ಹರಕೆ ಆಕಕ್ಕೆ ನಾನೇನು ದೇವಸ್ತಾನದ ಉಂಡೀನಾ?"

ಆಮೇಲೆ ನನ್ನ ಕಡೆ ತಿರುಗಿದರು. "ನೀವ್ಯಾಕೆ ಬತ್ತೀರ ಸಾರ್?"

"ಮನುಷ್ಯತ್ವ ಅಂತ ಒಂದಿದೆಯಲ್ಲ ತಾತ."

"ಓದ್ವಾರ ನನ್ ಫೋಟೋ ತೆಗೆದ್ರಲ್ಲ, ನನ್ನ ಕೇಳಿದ್ರಾ?"

ಕೇಳಿರಲಿಲ್ಲ. ಆ ಫೋಟೋವನ್ನು ಕಾರ್ಖಾನೆಯ ವಾಟ್ಸಾಪ್ ಗ್ರೂಪಿಗೆ ಹಾಕಿದ್ದೆ. ಬಂದ ಹೊಗಳಿಕೆಯನ್ನು ಎರಡೆರಡು ಸಲ ಓದಿಯೂ ಇದ್ದೆ.

ಕೆಮ್ಮು ಬಂದು ತಾತನ ತುಟಿ ನೀಲಿಗಟ್ಟಿತು. ಆಂಬುಲೆನ್ಸ್ ಕರೆಯಲು ಎದ್ದೆ. ಅವರು ನನ್ನ ಕೈ ಹಿಡಿದು ಬೇಡವೆಂದರು. ಉಸಿರು ಸ್ವಲ್ಪ ಹಿಡಿತಕ್ಕೆ ಬಂದ ಮೇಲೆ ಅಕ್ಕನಿಗೆ ಹೇಳಿದರು: "ಒಬ್ನೇ ತಿಂದು ತಿಂದು ಸಾಕಾಯ್ತಮ್ಮಾ. ನೀನೂ ಕೂತ್ಕೊಂಡು ತಿನ್ನು, ತಿಂತೀನಿ."

ಅಕ್ಕ ಹಿಂದೆ ಸರಿದರು. "ಇವತ್ತು ಉಪವಾಸ ತಾತ. ಮಗಳಿಗೆ ಎಂಟು ತಿಂಗಳು..."

"ನಾನು ತಿಂತೀನಿ ತಾತ, ಬನ್ನಿ" ಎಂದೆ. ಅವರು ಕಣ್ಣು ಮುಚ್ಚಿಕೊಂಡರು.

ಅಕ್ಕ ತಟ್ಟೆಯ ಮುಂದೆ ಕೂತರು. ಆಮೇಲೆ ಕೆನ್ನೆ ಬಡಿದುಕೊಂಡರು. "ತಪ್ಪಾಯ್ತು ಸ್ವಾಮಿ. ಏನಿದ್ರೂ ನನ್ ಮ್ಯಾಲಿರ್ಲಿ, ಮಗಳ್ ಮ್ಯಾಲೆ ಬ್ಯಾಡ." ಒಂದು ತುತ್ತು ಎತ್ತಿ ಬಾಯಿಗಿಟ್ಟರು. ತಾತ ಕಣ್ಣು ತೆರೆದು ತಟ್ಟೆ ಎಳೆದುಕೊಂಡರು.

ರೈಲ್ವೆ ಸ್ಟೇಷನ್ನಿಗೆ ನಡೆಯುವಾಗ ಅಕ್ಕ ಕೇಳಿದರು, "ಏನಾದ್ರೂ ಎಚ್ಚುಕಮ್ಮಿ ಆದ್ರೆ ನಾನೇ ಕಾರಣ ಅಲ್ವಾ?" ಅದೆಲ್ಲ ಮೂಢನಂಬಿಕೆ ಎಂದು ಹೇಳಲು ನನಗೆ ನಾಲಿಗೆ ಏಳಲಿಲ್ಲ. ಹೆರಿಗೆಯ ಸುದ್ದಿ ಬರುವವರೆಗೆ, ಅವರಿಂದ ಫೋನ್ ಬಂದಾಗಲೆಲ್ಲ ನನ್ನ ಎದೆಯೂ ಹೊಡೆದುಕೊಳ್ಳುತ್ತಿತ್ತು.

ಹೆಣ್ಣುಮಗು ಹುಟ್ಟಿತು. ತಾಯಿ, ಮಗು ಇಬ್ಬರೂ ಚೆನ್ನಾಗಿದ್ದರು. ಮರುವಾರವೇ ಅಕ್ಕ ಪಾತ್ರೆ ಹೊತ್ತು ಬಂದಾಗ, "ಹರಕೆ ತೀರಿತಲ್ಲಕ್ಕಾ?" ಎಂದೆ.

"ತೀರ್ತು. ತಾತ ಕಾಯ್ತಾ ಇರ್ತಾರಲ್ಲ, ನಡೀರಿ."