ಯಾಕೆಂದು ಕೇಳುವ ಹಿಡಿಸೂಡಿ

ಜೆಸಿಂತಾ ಮೇಡಂ ಕಂಪ್ಯೂಟರ್ ಪ್ರೋಗ್ರಾಮನ್ನು ಗಟ್ಟಿಯಾಗಿ ಓದುತ್ತಿದ್ದರು. ನಾವೆಲ್ಲ ಕಣ್ಣಾಡಿಸಿ ಮುಗಿಸುವ ಕೋಡನ್ನು ಅವರು ಕನ್ನಡಕ ಮೂಗಿನ ತುದಿಗೆ ಇಳಿಸಿ, ಬೆನ್ನು ನೆಟ್ಟಗೆ ಮಾಡಿ, ಸಾಲು ಸಾಲಾಗಿ ಬಾಯಿಬಿಟ್ಟು ಓದುವವರು. ಭಾನುವಾರದ ಬಲಿಪೂಜೆಯಲ್ಲಿ ಬೈಬಲ್ ವಾಚನ ಮಾಡುವುದು ಇಗರ್ಜಿಯಲ್ಲಿ ಅವರ ಪಾಲಿನ ಸೇವೆಯಾಗಿತ್ತು. ಅದೇ ಸ್ವರ, ಅದೇ ನಿಲುಗಡೆ ಸೋಮವಾರ ಕದ್ರಿಯ ನಮ್ಮ ಆಫೀಸಿಗೂ ಬರುತ್ತಿತ್ತು. ಬ್ರಾಕೆಟ್ ತೆರೆದಾಗ ಸ್ವರ ತುಸು ಏರುತ್ತಿತ್ತು, ಮುಚ್ಚಿದಾಗ ಇಳಿಯುತ್ತಿತ್ತು. ಯಾರಾದರೂ ಬ್ರಾಕೆಟ್ ಮುಚ್ಚಲು ಮರೆತಿದ್ದರೆ ಸ್ವರ ಮೇಲೆಯೇ ನಿಂತುಬಿಡುತ್ತಿತ್ತು. ಆಗ ಅವರು ತಲೆಯೆತ್ತಿ ಮರೆತವರನ್ನು ನೋಡುತ್ತಿದ್ದರು. ಮರೆತವಳು ಹೆಚ್ಚಾಗಿ ನಾನೇ ಆಗಿರುತ್ತಿದ್ದೆ.

ಅವರು ಮೊದಲು ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಮಾಡುತ್ತಿದ್ದವರು. ಐವತ್ತರ ಹತ್ತಿರ ಬಂದ ಮೇಲೆ, ಬೇರೆಯವರಿಗೆ ಕಲಿಸಿದ್ದು ಸಾಕು, ಇನ್ನು ನಾನೇ ಮಾಡುತ್ತೇನೆ ಎಂದು ಸಾಫ್ಟ್‌ವೇರ್ ಕೆಲಸಕ್ಕೆ ಬಂದರು. ನಮ್ಮದು ಸಣ್ಣ ಕಂಪನಿ. ಒಂದು ಕಟ್ಟಡದ ಮೇಲಿನ ಮಾಳಿಗೆಯಲ್ಲಿ ಒಂದು ಹಾಲ್, ಒಂದು ಕೋಣೆ, ಸದಾ ಗೊಣಗುವ ಒಂದು ಏಸಿ. ನಾನು ತೊಕ್ಕೊಟ್ಟಿನಿಂದ ಬಸ್ಸಿನಲ್ಲಿ ಸೇತುವೆಯ ಟ್ರಾಫಿಕ್ ಬ್ಲಾಕ್ ದಾಟಿ ಬರುವಷ್ಟರಲ್ಲಿ ಅವರು ಬಿಜೈಯಿಂದ ಛತ್ರಿ ಹಿಡಿದುಕೊಂಡು ನಡೆದೇ ಬಂದು ಕೂತಿರುತ್ತಿದ್ದರು.

ಸೇರಿದ ಹೊಸತರಲ್ಲಿ ನನ್ನ ಕೋಡನ್ನು ಎಲ್ಲರ ಎದುರು ಓದಲು ಶುರುಮಾಡಿದವರು ನಡುವೆ ನಿಲ್ಲಿಸಿದರು.

“ಆಶಾ, ಇಲ್ಲಿ ಉಸಿರು ತೆಗೀಲಿಕ್ಕೆ ಜಾಗವೇ ಇಲ್ಲ ಅಲ್ಲ?”

“ಆದ್ರೆ ಓಡ್ತದಲ್ಲ ಮೇಡಂ, ತಪ್ಪು ಎಂತ ಇಲ್ಲ,” ಎಂದೆ.

“ಓಡ್ಲಿಕ್ಕೆ ಬ್ರೇಕ್ ಇಲ್ಲದ ಬಸ್ಸೂ ಓಡ್ತದೆ. ನಾಳೆ ಇನ್ನೊಬ್ಬ ಓದ್ಬೇಕು ಅಲ್ವಾ ಇದನ್ನು?”

ನನಗೆ ಮುಖ ಎಲ್ಲಿಡಬೇಕೆಂದು ತಿಳಿಯಲಿಲ್ಲ. ಮನೆಗೆ ಹೋಗುವಾಗ ಬಸ್ಸಿನಲ್ಲಿ ಇಡೀ ದಾರಿ ಅವರನ್ನು ಮನಸ್ಸಿನಲ್ಲೇ ಬಯ್ದೆ. ಮರುದಿನ ಮಾತ್ರ ಸಾಲುಗಳ ನಡುವೆ ಜಾಗ ಬಿಟ್ಟೆ.

ನಮ್ಮಲ್ಲಿ ಇಮ್ರಾನ್ ಎಂಬ ಉಳ್ಳಾಲದ ಹುಡುಗನೊಬ್ಬನಿದ್ದ, ನನ್ನದೇ ವಯಸ್ಸಿನವನು. ಅವನಿಗೂ ನನಗೂ ಬ್ರಾಕೆಟಿನ ವಿಷಯದಲ್ಲಿ ದಿನಾ ಜಗಳ. ನಾನು ಬ್ರಾಕೆಟನ್ನು ಸಾಲಿನ ಕೊನೆಯಲ್ಲೇ ತೆರೆಯುತ್ತಿದ್ದೆ, ಅವನು ಮುಂದಿನ ಸಾಲಿಗೆ ತಳ್ಳುತ್ತಿದ್ದ. ನಾನು ಸರಿಮಾಡಿದ್ದನ್ನು ಅವನು ಕೆಡಿಸುವುದು, ಅವನು ಸರಿಮಾಡಿದ್ದನ್ನು ನಾನು ಕೆಡಿಸುವುದು. ಒಂದು ಮಧ್ಯಾಹ್ನ ಮೇಡಂ ಅವರ ತಾಳ್ಮೆ ಮುಗಿಯಿತು. “ಸಾಯ್ಬಾ ಭೊಗೊಸ್!” ಎಂದರು. ದೇವರೇ ಕ್ಷಮಿಸು ಎಂಬುದಕ್ಕೆ ಅವರ ಕೊಂಕಣಿ ಮಾತು. “ಜಾಗಕ್ಕೆ ಜಗಳ ಮಾಡ್ಲಿಕ್ಕೆ ಕೋರ್ಟು ಉಂಟು ಮಾರಾಯ್ರೆ. ಒಂದು ಬ್ರಾಕೆಟಿಗೆ ಎಂತ ಇದು?”

ಕೆಲವು ವಾರಗಳಲ್ಲಿ ಅವರು ಒಂದು ಎಕ್ಸ್‌ಟೆನ್ಶನ್ ಮಾಡಿ ತಂದರು. ನಾವು ಕೋಡ್ ಬರೆಯುವುದು ಎಡಿಟರ್ ಎಂಬ ತಂತ್ರಾಂಶದಲ್ಲಿ. ಅದಕ್ಕೆ ಮೇಲಿನಿಂದ ಜೋಡಿಸಿಕೊಳ್ಳುವ ಸಣ್ಣ ಸಾಧನ ಇದು. ನೀವು ಹೇಗೆ ಬೇಕಾದರೂ ಬರೆಯಿರಿ, ಸೇವ್ ಒತ್ತಿದ ಕೂಡಲೇ ಅದು ಸಾಲುಗಳನ್ನು ಒಂದೇ ರೀತಿಯಲ್ಲಿ ಜೋಡಿಸಿ, ಬ್ರಾಕೆಟುಗಳನ್ನು ಅವುಗಳ ಜಾಗದಲ್ಲಿ ಕೂರಿಸಿ, ಪಟ್ಟಿಗಳನ್ನು ಇಂಗ್ಲಿಷ್ ಅಕ್ಷರಮಾಲೆಯ ಕ್ರಮಕ್ಕೆ ತರುತ್ತಿತ್ತು. ಅಂಥವು ದೊಡ್ಡ ದೊಡ್ಡ ಕಂಪನಿಗಳು ಮಾಡಿದವು ಬೇಕಾದಷ್ಟಿವೆ. ಇದು ನಮ್ಮದು ಎಂಬುದೇ ನಮಗೆ ದೊಡ್ಡ ವಿಷಯವಾಗಿತ್ತು. ಅದಕ್ಕೆ ಅವರು ಹಿಡಿಸೂಡಿ ಎಂದು ಹೆಸರಿಟ್ಟರು. ನಮ್ಮ ಕಡೆ ಕಸ ಗುಡಿಸುವ ಪೊರಕೆಗೆ ಹಾಗೆಯೇ ಹೇಳುವುದು.

ಕಂಪನಿಯ ಯಜಮಾನರಾದ ಸುಧಾಕರ ಸರ್‌ಗೆ ಆ ಹೆಸರು ಒಗ್ಗಲಿಲ್ಲ. “ಸ್ವಲ್ಪ ಸ್ಟೈಲಾಗಿ ಇಡಬಹುದಿತ್ತಲ್ಲ ಮೇಡಂ?”

“ಗುಡಿಸ್ಲಿಕ್ಕೆ ಸ್ಟೈಲ್ ಎಂತಕ್ಕೆ ಸರ್?”

ಅದನ್ನು ಮೇಡಂ ಯಾರು ಬೇಕಾದರೂ ಪುಕ್ಕಟೆಯಾಗಿ ಬಳಸುವಂತೆ ಇಂಟರ್ನೆಟ್ಟಿನಲ್ಲಿ ಇಟ್ಟರು. ಇಮ್ರಾನನೂ ನಾನೂ ಅಲ್ಲಿ ಇಲ್ಲಿ ಸಣ್ಣ ರಿಪೇರಿ ಮಾಡಿದ್ದೆವು, ಅಷ್ಟೇ. ಆದರೂ ಮಾಡಿದವರ ಹೆಸರು ಬರೆಯುವ ಫೈಲಿನಲ್ಲಿ ನಮ್ಮಿಬ್ಬರ ಹೆಸರನ್ನೂ ಸೇರಿಸಿದರು. ಸೇವ್ ಒತ್ತಿದಾಗ ಹಿಡಿಸೂಡಿ ತನ್ನ ಕೆಲಸ ಮಾಡಿತು: ಮೇಲೆ ಆಶಾ, ನಡುವೆ ಇಮ್ರಾನ್, ಕೊನೆಗೆ ಜೆಸಿಂತಾ. ಇದು ಸರಿಯಲ್ಲ ಮೇಡಂ, ನಿಮ್ಮ ಹೆಸರು ಮೊದಲು ಬರಬೇಕು ಎಂದು ನಾನು ಹೇಳಿದ್ದಕ್ಕೆ, “ಅಕ್ಷರದ ಪ್ರಕಾರ ಉಂಟಲ್ಲ, ಸರಿ ಉಂಟು,” ಎಂದು ಫೈಲು ಮುಚ್ಚಿದರು.

ಎಲ್ಲ ಚೆನ್ನಾಗಿಯೇ ನಡೆಯುತ್ತಿದ್ದಾಗ ಹಿಡಿಸೂಡಿ ನಮ್ಮ ಮಾನ ಕಳೆಯಿತು. ನಗರದ ಒಂದು ಡಯಾಲಿಸಿಸ್ ಕೇಂದ್ರಕ್ಕೆ ನಾವು ರೋಗಿಗಳ ಸರದಿ ತೋರಿಸುವ ಪ್ರೋಗ್ರಾಮ್ ಮಾಡಿಕೊಟ್ಟಿದ್ದೆವು. ಅದು ಬೆಳಗ್ಗೆ ಯಾವ ಕೆಲಸವನ್ನು ಯಾವುದರ ನಂತರ ಮಾಡಬೇಕೆಂದು ಒಂದು ಪಟ್ಟಿಯಿತ್ತು: ಮೊದಲು ದಿನ ಮತ್ತು ಗಂಟೆ ನೋಡಬೇಕು, ಆಮೇಲೆ ಸರದಿಯನ್ನು ತರಬೇಕು, ಕೊನೆಗೆ ಪರದೆಯ ಮೇಲೆ ತೋರಿಸಬೇಕು. ಇಮ್ರಾನ್ ಆ ಫೈಲಿನಲ್ಲಿ ಒಂದು ಬಣ್ಣ ಬದಲಿಸಲು ಹೋಗಿ ಸೇವ್ ಒತ್ತಿದ. ಹಿಡಿಸೂಡಿ ಆ ಪಟ್ಟಿಯನ್ನೂ ಅಕ್ಷರದ ಕ್ರಮಕ್ಕೆ ಜೋಡಿಸಿಬಿಟ್ಟಿತು. ನಮ್ಮ ಆಫೀಸಿನ ಯಂತ್ರದಲ್ಲಿ ಅದೇ ದಿನ ಮೊದಲೇ ನೋಡಿದ್ದ ಗಂಟೆ ಉಳಿದಿದ್ದರಿಂದ ಏನೂ ಗೊತ್ತಾಗಲಿಲ್ಲ, ಹಾಗೆಯೇ ಕೇಂದ್ರಕ್ಕೆ ಕಳಿಸಿದೆವು. ಮರುದಿನ ಬೆಳಗ್ಗೆ ಕೇಂದ್ರದ ಪರದೆಯಲ್ಲಿ ಹಿಂದಿನ ದಿನದ ಸರದಿಯೇ ಬಂತು. ಅಲ್ಲಿನ ನರ್ಸುಗಳು ಜಾಣರು, ಹೆಸರುಗಳನ್ನು ಕೈಯಲ್ಲಿ ಬರೆದು ಯಾರ ಚಿಕಿತ್ಸೆಯೂ ನಿಲ್ಲದ ಹಾಗೆ ನೋಡಿಕೊಂಡರು. ಸುಧಾಕರ ಸರ್ ಮಾತ್ರ ಫೋನಿನಲ್ಲಿ ಬೈಗುಳ ತಿಂದು ತಿಂದು ಕೆಂಪಾಗಿದ್ದರು.

ಜೆಸಿಂತಾ ಮೇಡಂ ಆ ಫೈಲನ್ನು ತೆರೆದು ಎಂದಿನಂತೆ ಗಟ್ಟಿಯಾಗಿ ಓದಿದರು. ಎರಡು ಸಾಲು ಓದುವಷ್ಟರಲ್ಲಿ ನಿಂತರು. “ದೇವಾ! ಗಂಟೆ ನೋಡುವ ಮೊದಲೇ ಜನ ಕರೀತಾ ಉಂಟು ಇದು.” ಸರಿಮಾಡಲು ಐದು ನಿಮಿಷವೂ ಹಿಡಿಯಲಿಲ್ಲ. ಇಮ್ರಾನನ ಮೇಲೆ ಒಂದು ಮಾತೂ ಆಡಲಿಲ್ಲ. ನೇರ ಸುಧಾಕರ ಸರ್ ಕೋಣೆಗೆ ಹೋಗಿ, ತಪ್ಪು ನನ್ನ ಹಿಡಿಸೂಡಿಯದ್ದು ಎಂದರು.

“ಬೇಜಾರು ಮಾಡ್ಬೇಡಿ ಮೇಡಂ,” ಎಂದರು ಸರ್. “ಆದ್ರೆ ಇನ್ನು ಅದು ಬೇಡ. ಎಲ್ಲರ ಮೆಶಿನಿನಿಂದ ತೆಗೀರಿ.”

“ಸೋಮವಾರದವರೆಗೆ ಕೊಡಿ ಸರ್. ಸರಿ ಆಗದಿದ್ರೆ ನಾನೇ ತೆಗೀತೇನೆ. ಇಂಟರ್ನೆಟ್ಟಿನಿಂದಲೂ ತೆಗೀತೇನೆ.”

ಹೊರಗೆ ಬಂದಾಗ ಅವರ ಮುಖದಲ್ಲಿ ಬಣ್ಣವಿರಲಿಲ್ಲ. “ಮಂಡೆ ಬೆಚ್ಚ ಮಾಡ್ಬೇಡಿ ಮೇಡಂ,” ಎಂದು ಸಮಾಧಾನ ಮಾಡಲು ನೋಡಿದೆ. ಆ ದಿನ ಮತ್ತೆ ಅವರು ಯಾರ ಕೋಡನ್ನೂ ಓದಲಿಲ್ಲ, ಆಫೀಸು ಬಿಕೋ ಎನ್ನುತ್ತಿತ್ತು.

ಆ ಶನಿವಾರವೇ ಅವರ ತಂಗಿಯ ಮಗಳ ರೋಸ್ ಇತ್ತು. ರೋಸ್ ಎಂದರೆ ಗುಲಾಬಿಯಲ್ಲ. ಮದುವೆಯ ಹಿಂದಿನ ದಿನ ಮದುಮಗಳನ್ನು ಕೂರಿಸಿ, ಮನೆಯವರು, ನೆಂಟರು ಒಬ್ಬೊಬ್ಬರಾಗಿ ಬಂದು ತೆಂಗಿನ ಹಾಲು ಹಚ್ಚಿ ಹರಸುವ, ನಮ್ಮ ಕಡೆಯ ಕ್ರಿಶ್ಚಿಯನ್ನರ ಶಾಸ್ತ್ರ. ನನಗೂ ಕರೆ ಇತ್ತು. ಚಪ್ಪರದ ಕೆಳಗೆ ಹಾಡು ಶುರುವಾಗಿತ್ತು. ಮೊದಲು ಹುಡುಗಿಯ ತಾಯಿ ವೆರೋನಿಕಾ ಬಾಯಿ ಬಂದು ಕಣ್ಣೊರೆಸಿಕೊಳ್ಳುತ್ತಾ ಮಗಳ ತಲೆಗೆ ಹಾಲು ಹಚ್ಚಿದರು. ಆಮೇಲೆ ತಂದೆ, ಅಜ್ಜಿ, ಮತ್ತೆ ಉಳಿದವರು. ಕೈಯಲ್ಲಿ ತಿಂಡಿಯ ತಟ್ಟೆ ಹಿಡಿದು ನಿಂತಿದ್ದ ಜೆಸಿಂತಾ ಮೇಡಂ ಒಮ್ಮೆಲೇ ನನ್ನ ಕೈ ಹಿಡಿದೆಳೆದರು.

“ಆಶಾ, ಇಲ್ಲಿ ನನ್ನ ಹಿಡಿಸೂಡಿಯನ್ನು ಬಿಟ್ಟಿದ್ರೆ ಎಂತ ಆಗ್ತಿತ್ತು ಗೊತ್ತುಂಟಾ?”

“ಎಂತ ಮೇಡಂ?”

“ಆ ಆಲ್ವಿನನ್ನು ನೋಡು.” ಆಲ್ವಿನ್ ದೂರದ ನೆಂಟ, ಊಟ ಎಷ್ಟು ಹೊತ್ತಿಗೆ ಎಂದು ಆಗಿನಿಂದ ವಿಚಾರಿಸುತ್ತಿದ್ದವನು. “ಅವನ ಹೆಸರು ಎ ಅಲ್ವಾ, ಅವನೇ ಮೊದಲು ಹಾಲು ಹಚ್ಚುದು. ಹೆತ್ತ ತಾಯಿ ವೆರೋನಿಕಾ ಸಾಲಿನ ತುದಿಯಲ್ಲಿ!”

ಇಬ್ಬರೂ ನಗು ತಡೆಯಲಾರದೆ ಚಪ್ಪರದ ಕಂಬ ಹಿಡಿದುಕೊಂಡೆವು. ನಗು ನಿಂತ ಮೇಲೆ ಅವರು ಮೆಲ್ಲಗೆ ಹೇಳಿದರು: “ಅಮ್ಮ ಯಾಕೆ ಮೊದಲು ಅಂತ ನಮಗೆ ಗೊತ್ತುಂಟು. ಗೊತ್ತಿಲ್ಲದವನಿಗೆ ಯಾರಾದ್ರೂ ಹೇಳ್ಬೇಕಲ್ಲ. ಹೇಳದಿದ್ರೆ ಅವ ಅಕ್ಷರ ನೋಡಿಯೇ ಸಾಲಿನಲ್ಲಿ ನಿಲ್ಲಿಸ್ತಾನೆ. ಅದು ಅವನ ತಪ್ಪಲ್ಲ.” ಅಷ್ಟರಲ್ಲಿ ಅವರನ್ನು ಹಾಲು ಹಚ್ಚಲು ಕರೆದರು.

ಸೋಮವಾರ ಹೊಸ ಹಿಡಿಸೂಡಿ ಬಂತು. ಕ್ರಮ ಬದಲಾಗಬಾರದ ಸಾಲುಗಳ ಮೇಲೆ ‘ಮುಟ್ಟಬೇಡ’ ಎಂದು ಗುರುತು ಹಾಕುವ ಸೌಕರ್ಯ ಬೇರೆ ಸಾಧನಗಳಲ್ಲೂ ಇದೆ. ಮೇಡಂ ಮಾಡಿದ್ದು ಅಷ್ಟೇ ಅಲ್ಲ. ಗುರುತು ಹಾಕಿ ಸೇವ್ ಒತ್ತಿದರೆ ಹಿಡಿಸೂಡಿ ಒಂದು ಸಣ್ಣ ಚೌಕ ತೆರೆದು ಕನ್ನಡದಲ್ಲೇ ಕೇಳುತ್ತಿತ್ತು: “ಯಾಕೆ?” ಅದರ ಕೆಳಗೆ ಪರವೂರಿನವರಿಗಾಗಿ ಸಣ್ಣಕ್ಷರದಲ್ಲಿ ಇಂಗ್ಲಿಷ್ ಅರ್ಥ. ಕಾರಣ ಬರೆದರೆ ಅದನ್ನು ಆ ಸಾಲುಗಳ ಮೇಲೆಯೇ ಎಲ್ಲರಿಗೂ ಕಾಣುವಂತೆ ಇಟ್ಟು, ತಾನು ಮುಟ್ಟದೆ ಮುಂದೆ ಹೋಗುತ್ತಿತ್ತು. ಬರೆಯದಿದ್ದರೆ ಗುಡಿಸಿಯೇ ಸಿದ್ಧ. ಇಮ್ರಾನ್ ಪರೀಕ್ಷೆಗೆಂದು ‘ಸುಮ್ಮನೆ’ ಎಂದು ಬರೆದು ನೋಡಿದ. ಮತ್ತೆ “ಯಾಕೆ?” ಎಂದಿತು. ಅವನು ಅಂಥದ್ದೇ ಏನಾದರೂ ಬರೆಯುತ್ತಾನೆಂದು ಮೇಡಂ ಮೊದಲೇ ಊಹಿಸಿದ್ದರು.

ಸುಧಾಕರ ಸರ್ ತಾವೇ ಕೂತು ಡಯಾಲಿಸಿಸ್ ಕೇಂದ್ರದ ಪಟ್ಟಿಗೆ ಗುರುತು ಹಾಕಿ, ‘ಗಂಟೆ ನೋಡದೆ ಸರದಿ ತರಬಾರದು’ ಎಂದು ಕಾರಣ ಬರೆದು, ಸೇವ್ ಒತ್ತಿದರು. ಪಟ್ಟಿ ಇದ್ದ ಹಾಗೆಯೇ ಉಳಿಯಿತು. ಅವರು ಮತ್ತೆ ಮತ್ತೆ ಒತ್ತಿ ನೋಡಿದರು. “ಪ್ರತಿ ಸಲ ಕೇಳಿದ್ರೆ ಸ್ವಲ್ಪ ಕಿರಿಕಿರಿ ಅಲ್ವಾ ಮೇಡಂ?” ಎಂದರು.

“ಒಂದು ಸಲ ಕಿರಿಕಿರಿ ಸರ್. ಮೊನ್ನೆ ಬೆಳಗ್ಗೆಯಷ್ಟು ಇಲ್ಲ.”

ಸರ್ ನಕ್ಕರು. ಹಿಡಿಸೂಡಿ ಉಳಿಯಿತು.

ಹೊರಗಿನವರು ಅಷ್ಟು ಬೇಗ ಒಪ್ಪಲಿಲ್ಲ. ಪ್ರಶ್ನೆ ಕೇಳುವ ಸಾಧನ ಯಾರಿಗೆ ಬೇಕು ಎಂದು ಬರೆದರು, ಕೆಲವರು ಬಿಟ್ಟೇ ಹೋದರು. ಅವರ ದೂರುಗಳನ್ನೂ ಮೇಡಂ ಇಗರ್ಜಿಯ ಸ್ವರದಲ್ಲಿ ನಮಗೆಲ್ಲ ಓದಿ ಹೇಳುತ್ತಿದ್ದರು. ನನಗೇ ಹೆದರಿಕೆಯಾಗಿ, ಬೇಡವೆಂದವರಿಗೆ ಪ್ರಶ್ನೆಯನ್ನು ಮುಚ್ಚುವ ಒಂದು ಬಟನ್ ಕೊಡುವ ಎಂದೆ. “ಅದೊಂದು ಬೇಡ ಆಶಾ,” ಎಂದರು. “ನನ್ನ ಸಾಲು ಇನ್ನೊಬ್ಬ ಓದುವಾಗ ನಾನು ಪಕ್ಕದಲ್ಲಿ ಇರ್ತೇನಾ? ಅವ ಯಾರ ಹತ್ರ ಕೇಳುದು?” ಆಮೇಲೆ ಒಂದು ದಿನ ಪೋಲೆಂಡಿನಿಂದ ಒಬ್ಬ ಬರೆದ. ಅವನ ಆಫೀಸಿನಲ್ಲಿ ಈಗ ಯಾರಾದರೂ ಕಾರಣ ಹೇಳದೆ ಹಟ ಮಾಡಿದರೆ ಉಳಿದವರು ಒಟ್ಟಾಗಿ “ಯಾಕೆ” ಎನ್ನುತ್ತಾರಂತೆ. ಈ ಶಬ್ದವನ್ನು ಸರಿಯಾಗಿ ಹೇಳುವುದು ಹೇಗೆಂದು ಕೇಳಿದ್ದ. ಅದನ್ನು ಮೇಡಂ ಎರಡು ಸಲ ಓದಿದರು. ಆ ಸಂಜೆ ನಾನು ಮನೆಯಲ್ಲಿ ಅಮ್ಮನಿಗೆ, ನೆರೆಮನೆಯವರಿಗೆ, ಬಸ್ಸಿನಲ್ಲಿ ಪಕ್ಕ ಕೂತವರಿಗೂ ಹೇಳಿದೆ. ನಮ್ಮ ಹಿಡಿಸೂಡಿ, ನಮ್ಮ ‘ಯಾಕೆ’, ನಮ್ಮ ಜೆಸಿಂತಾ ಮೇಡಂ! ನನಗೆ ಅಷ್ಟು ಹೆಮ್ಮೆ ನನ್ನ ಡಿಗ್ರಿ ಕೈಗೆ ಬಂದ ದಿನವೂ ಆಗಿರಲಿಲ್ಲ.

ಅವರಿಗೆ ಸೌಖ್ಯವಿಲ್ಲವೆಂದು ಗೊತ್ತಾದದ್ದು ಅವರು ಆಫೀಸಿಗೆ ಬರುವುದು ನಿಂತ ಮೇಲೆಯೇ. ಇಮ್ರಾನನೂ ನಾನೂ ಬಿಜೈಯ ಮನೆಗೆ ಹೋದಾಗ ಚಾವಡಿಯಲ್ಲಿ ಮಂಚ ಹಾಕಿಸಿಕೊಂಡು ಮಲಗಿದ್ದರು. ಆ ಸ್ವರ ಬಹಳ ಸಣ್ಣದಾಗಿತ್ತು. ಈಗ ಎಂತ ಬರೀತಾ ಇದ್ದೀ, ಓದು ಎಂದರು. ನಾನು ಲ್ಯಾಪ್‌ಟಾಪ್ ತೆರೆದು ಮೊದಲ ಬಾರಿಗೆ ಅವರೆದುರು ನನ್ನ ಕೋಡನ್ನು ಗಟ್ಟಿಯಾಗಿ ಓದಿದೆ. ಅವರು ಕಣ್ಣು ಮುಚ್ಚಿ ಕೇಳಿದರು. ಒಂದು ಕಡೆ ಕೈ ಎತ್ತಿ ನನ್ನನ್ನು ನಿಲ್ಲಿಸಿದರು. “ಗಡಿಬಿಡಿ ಮಾಡ್ಬೇಡ. ಅಲ್ಲಿ ಉಸಿರು ತೆಗಿ.” ಹೊರಡುವಾಗ, “ಹಿಡಿಸೂಡಿ ಇನ್ನು ನೀನು ನೋಡ್ಕೋ. ಪ್ರಶ್ನೆ ಮಾತ್ರ ತೆಗೀಬೇಡ,” ಎಂದರು. ಅದೇ ಕಡೆಯ ಭೇಟಿ.

ಅವರ ಮಣ್ಣು ಮುಗಿಸಿ ಬಂದ ಮರುದಿನ ಆಫೀಸಿನಲ್ಲಿ ನಾನು ಹಿಡಿಸೂಡಿಯ ಹೆಸರುಗಳ ಫೈಲು ತೆರೆದೆ. ಜೆಸಿಂತಾ ಎಂಬ ಹೆಸರನ್ನು ಎಲ್ಲಕ್ಕಿಂತ ಮೇಲೆ ಇಟ್ಟು ಸೇವ್ ಒತ್ತಿದೆ. ಹೆಸರು ಪುನಃ ಕೆಳಗೆ ಹೋಯಿತು. ಆಶಾ ಮೇಲೆ ಬಂದು ಕೂತಳು. ಮತ್ತೆ ಮೇಲಕ್ಕೆ ತಂದು, ಈ ಸಲ ಮುಟ್ಟಬೇಡ ಎಂದು ಗುರುತು ಹಾಕಿ ಸೇವ್ ಒತ್ತಿದೆ. ಸಣ್ಣ ಚೌಕ ತೆರೆಯಿತು.

“ಯಾಕೆ?”

ನನ್ನ ಕಣ್ಣು ತುಂಬಿ ಬಂದು ಕೀಲಿಗಳು ಕಾಣಲಿಲ್ಲ. ಇಮ್ರಾನ್ ಪಕ್ಕದ ಕುರ್ಚಿಯಿಂದ ಎದ್ದು ಬಂದು ನನ್ನ ಹಿಂದೆ ನಿಂತ. ಮುಖ ಒರೆಸಿಕೊಂಡು ನಾನು ಕಾರಣ ಬರೆದೆ: ‘ಅಮ್ಮ ಮೊದಲು.’

ಹೆಸರು ಮೇಲೆಯೇ ಉಳಿಯಿತು. ನಾನು ಬೆನ್ನು ನೆಟ್ಟಗೆ ಮಾಡಿ ಆ ಮೂರು ಹೆಸರುಗಳನ್ನು ಇಡೀ ಆಫೀಸಿಗೆ ಕೇಳುವಂತೆ ಗಟ್ಟಿಯಾಗಿ ಓದಿದೆ. ಮೊದಲನೆಯ ಹೆಸರಿನ ನಂತರ ನಿಂತು ಉಸಿರು ತೆಗೆದೆ.