ಓಗೊಟ್ಟ ಮೇಲಷ್ಟೇ ಹಸಿರು ಬಾವುಟ

ಬೆಳಗಿನ ಆರು ಗಂಟೆ ಹತ್ತು ನಿಮಿಷ. ಬಲಗೈಯಲ್ಲಿ ಕೆಂಪು ಬಾವುಟ, ಸೊಂಟಕ್ಕೆ ಸಿಕ್ಕಿಸಿಕೊಂಡ ಹಸಿರು ಬಾವುಟ, ಕಾಲಲ್ಲಿ ಗಂಡನ ಹಳೆಯ ಬೂಟು. ಗಲ್ಲಿಯ ತುದಿಮನೆಯ ಬಾಗಿಲಿಗೆ ಬಂದು ಆ ಹೆಂಗಸು ಕೂಗುತ್ತಾರೆ: "ಅಜ್ಜಾ, ಒಳಗಿದ್ದೀಯಾ?" ಒಳಗಿನಿಂದ ಕೆಮ್ಮು ಕೇಳಿಸುತ್ತದೆ. ಕೆಮ್ಮನ್ನು ಉತ್ತರವೆಂದು ಅವರು ಒಪ್ಪುವುದಿಲ್ಲ, ಕದಲುವುದೂ ಇಲ್ಲ. ಕೊನೆಗೆ "ಇದ್ದೀವಮ್ಮ, ಮೂರು ಜನ" ಎಂಬ ಮಾತು ಬಂದ ಮೇಲೆಯೇ ಮುಂದಿನ ಬಾಗಿಲಿಗೆ ನಡೆಯುತ್ತಾರೆ.

ಏಳು ಗಂಟೆಗೆ ಗಲ್ಲಿಗಳ ಹಿಂದಿನ ಕಲ್ಲುಗಣಿಯಲ್ಲಿ ಮದ್ದು ಸಿಡಿಯಬೇಕು. ಕುಳಿಗಳಿಗೆ ಆಗಲೇ ಮದ್ದು ತುಂಬಿಯಾಗಿದೆ. ಅದಕ್ಕೆ ಮೊದಲು ಮೂರು ಗಲ್ಲಿಗಳ ನಲವತ್ತಮೂರು ಮನೆಗಳೂ ಕಾರ್ಮಿಕರ ಎರಡು ಶೆಡ್ಡುಗಳೂ ಒಳಗಿದ್ದೇವೆ, ಇಷ್ಟು ಜನ ಇದ್ದೇವೆ ಎಂದು ಓಗೊಡಬೇಕು. ಒಂದೇ ಒಂದು ಮನೆ ಬಾಯಿ ಬಿಡದಿದ್ದರೂ, ತಲೆ ಮೇಲೆ ತಲೆ ಬಿದ್ದರೂ, ಹಸಿರು ಬಾವುಟ ಮೇಲೇಳದು. ಅದು ಕಾಣದೆ ಗಣಿಯ ಮೇಸ್ತ್ರಿ ಮದ್ದು ಸಿಡಿಸುವುದಿಲ್ಲ. ಈ ಕೆಲಸಕ್ಕೆ ಹಾಜರಿ ಪುಸ್ತಕದಲ್ಲಿ 'ಸಹಾಯಕಿ' ಎಂದು ಬರೆದಿದ್ದಾರೆ. ಗಲ್ಲಿಯವರು ಮಾತ್ರ ಅವರನ್ನು ಕೂಗಮ್ಮ ಎನ್ನುತ್ತಾರೆ.

ಕೂಗಮ್ಮನಿಗೆ ಐವತ್ತನಾಲ್ಕು ವರ್ಷ. ಮೊದಲು ಅವರ ಅತ್ತೆ ಕೂಗುತ್ತಿದ್ದರು. ಅತ್ತೆಯ ಗಂಟಲು ಕಟ್ಟಿದ ಮೇಲೆ ಇಪ್ಪತ್ತೆಂಟು ವರ್ಷದಿಂದ ಸೊಸೆಯದೇ ಸರದಿ. ಬೆಳಿಗ್ಗೆ ಒಂದು ಸುತ್ತು, ಮಧ್ಯಾಹ್ನ ಇನ್ನೊಂದು, ಏನಿಲ್ಲವೆಂದರೂ ದಿನಕ್ಕೆ ಐದು ಕಿಲೋಮೀಟರ್. ಗಂಡ ಗಣಿಯಲ್ಲಿ ಡ್ರಿಲ್ಲು ಹಿಡಿದು ಹಿಡಿದು ಶ್ವಾಸಕೋಶ ಹಾಳುಮಾಡಿಕೊಂಡು ತೀರಿಹೋದಾಗ, ನಾಲ್ಕನೇ ದಿನಕ್ಕೇ ಬಾವುಟ ಹಿಡಿದು ಹೊರಟರಂತೆ. ಮನೆಯಲ್ಲಿ ಕೂತಿದ್ದರೆ ಅಳು ಬರುತ್ತೆ, ಕೂಗಿದರೆ ಬರಲ್ಲ ಎಂದು ಅದಕ್ಕೆ ಕಾರಣ ಕೊಡುತ್ತಾರೆ.

ಈ ಕೆಲಸಕ್ಕೆ ಈಗ ಉಳಿದಿರುವುದು ನಾಲ್ಕೇ ದಿನ. ಎಂಟು ತಿಂಗಳ ಹಿಂದೆ ಗಣಿ ಕೈ ಬದಲಾಯಿತು, ಹೊಸ ಮಾಲೀಕರ ಹಿಂದೆಯೇ ಹೊರದೇಶದ ಭಾಷೆಯೂ ಬಂತು. ಗಲ್ಲಿಯವರು ಅದನ್ನು 'ಆಫೀಸಿನ ಭಾಷೆ' ಎನ್ನುತ್ತಾರೆ. ಬೋರ್ಡು, ರಿಜಿಸ್ಟರು, ತರಬೇತಿ, ಬೈಗುಳ ಎಲ್ಲವೂ ಈಗ ಅದರಲ್ಲೇ. ಕಂಬಕ್ಕೊಂದು ಮೈಕು ಕಟ್ಟಿದ್ದಾರೆ. ಸ್ಫೋಟವಾಗಲಿದೆ, ಒಳಗೆ ಹೋಗಿ ಎಂದು ಅದು ಆ ಭಾಷೆಯಲ್ಲಿ ಮೂರು ಸಲ ಹೇಳಿ ಸೈರನ್ ಊದುತ್ತದೆ. ತಿಂಗಳ ಕೊನೆಯಿಂದ ಇಷ್ಟೇ ಸಾಕು, ಕೂಗುವವರು ಬೇಡ ಎನ್ನುವುದು ಆಫೀಸಿನ ತೀರ್ಮಾನ. ಅದಕ್ಕೆ ಕೊನೆಯ ಮೊಹರು ಒತ್ತಲು ಸುರಕ್ಷತಾ ಅಧಿಕಾರಿ ಇಂದು ಬಂದಿದ್ದಾರೆ. ಇನ್ನು ಮೈಕಿನಲ್ಲಿ ಕೇಳಿಸುವ ದನಿ, ಅದೇ ಆಫೀಸಿನಲ್ಲಿ ಗುಮಾಸ್ತೆಯಾಗಿರುವ ಕೂಗಮ್ಮನ ಮಗಳದ್ದು.

ನಿಜ ಹೇಳಿಬಿಡುತ್ತೇನೆ. ಪರಭಾಷೆ ನಮ್ಮ ಸಂಸ್ಕೃತಿಯನ್ನು ನುಂಗುತ್ತಿದೆ ಎಂಬ ತಲೆಬರಹವನ್ನು ಜೇಬಿನಲ್ಲಿಟ್ಟುಕೊಂಡೇ ನಾನು ಪತ್ರಿಕೆಗೆ ಬರೆಯಲು ಇಲ್ಲಿಗೆ ಬಂದೆ. ಗಲ್ಲಿಯ ನಿವೃತ್ತ ಮೇಷ್ಟ್ರು ಅದಕ್ಕೆ ತಕ್ಕ ಒಗ್ಗರಣೆಯನ್ನೂ ಕೊಟ್ಟರು. ಮಕ್ಕಳು ಮೈಕಿನ ಮಾತನ್ನೇ ಹಾಡು ಮಾಡಿಕೊಂಡು ಕುಣಿಯುತ್ತವೆ, ಇನ್ನು ಹತ್ತು ವರ್ಷಕ್ಕೆ ನಮ್ಮ ಮಾತನ್ನು ಗೋಡೆಗೆ ತೂಗುಹಾಕಬೇಕಾಗುತ್ತೆ ಎಂದು ನಿಟ್ಟುಸಿರುಬಿಟ್ಟರು. ಇದನ್ನು ಹೇಳಿದರೆ ಕೂಗಮ್ಮನ ಮಗಳು ಮೂಗು ಮುರಿಯುತ್ತಾಳೆ. ಆ ಭಾಷೆ ಕಲಿತದ್ದಕ್ಕೇ ಅಪ್ಪನ ಹಾಗೆ ಕಲ್ಲುಪುಡಿ ಕುಡಿಯದೆ ಕುರ್ಚಿಯ ಮೇಲೆ ಕೂತಿದ್ದಾಳಂತೆ. ಶೆಡ್ಡುಗಳಲ್ಲಿ ನಾನಾ ಕಡೆಯ ಅರವತ್ತು ಜನ ಇದ್ದಾರೆ, ಅವರಿಗೆ ಇನ್ಯಾವ ಭಾಷೆಯಲ್ಲಿ ಹೇಳಲಿ ಎಂದು ನನ್ನನ್ನೇ ಕೇಳಿದಳು. ತಾಯಿ ಮಗಳು ಒಂದೇ ಸೂರಿನಡಿ ಇದ್ದೂ ಮೂರು ವಾರದಿಂದ ಸರಿಯಾಗಿ ಮಾತಾಡಿಲ್ಲ.

ಮೂರು ವಾರದ ಹಿಂದೆ ನಡೆದದ್ದು ಇದು. ನೋಡೇಬಿಡೋಣ ಎಂದು ಒಂದು ಬೆಳಿಗ್ಗೆ ಕೂಗಮ್ಮನನ್ನು ಆಫೀಸಿನಲ್ಲೇ ಕೂರಿಸಿ, ಮೈಕೊಂದನ್ನೇ ನಂಬಿ, ಬಾವುಟಕ್ಕೆ ಕಾಯದೆ ಮದ್ದು ಸಿಡಿಸಿದರು. ತುದಿಮನೆಯ ಅಜ್ಜ ಆಗ ನಲ್ಲಿಯ ಹತ್ತಿರ ನೀರು ಹಿಡಿಯುತ್ತಿದ್ದರು. ಮುಷ್ಟಿಗಾತ್ರದ ಕಲ್ಲೊಂದು ಹಾರಿಬಂದು ಬಕೆಟ್ಟನ್ನು ಸೀಳಿತು. ಒಂದು ಗೇಣು ಈಚೆ ಬಿದ್ದಿದ್ದರೆ ಅಜ್ಜನ ಕಥೆ ಮುಗಿಯುತ್ತಿತ್ತು. ಅವರಿಗೆ ಭಾಷೆ ತಿಳಿಯಲಿಲ್ಲ ಎಂದು ಆಫೀಸು ಬರೆದುಕೊಂಡಿತು.

ಅಜ್ಜ ಹೇಳುವುದೇ ಬೇರೆ. "ತಿಳೀದೆ ಏನು? ಮೊಮ್ಮಗಳು ಎಲ್ಲಾ ಹೇಳಿಕೊಟ್ಟಿದ್ದಾಳೆ. ಆದರೆ ಬಾಗಿಲಿಗೆ ಯಾರೂ ಬಂದಿರಲಿಲ್ಲವಲ್ಲ. ನಾನಿನ್ನೂ ಉತ್ತರಾನೇ ಕೊಟ್ಟಿಲ್ಲ, ಅದು ಹೇಗೆ ಸಿಡಿಸ್ತಾರೆ, ಟೈಮಿದೆ ಅಂದುಕೊಂಡೆ." ಅವತ್ತು ಇನ್ನೂ ಒಂಬತ್ತು ಜನ ಹೀಗೇ ಅಂದುಕೊಂಡು ಹೊರಗೆ ಓಡಾಡಿಕೊಂಡಿದ್ದರಂತೆ. ಜೇಬಿನಲ್ಲಿದ್ದ ತಲೆಬರಹವನ್ನು ಅಲ್ಲೇ ಬಿಟ್ಟೆ.

ಈಗ ಆರು ಐವತ್ತು. ನಲವತ್ತೆರಡು ಮನೆ ಓಗೊಟ್ಟಿವೆ. ಮೂರನೇ ಗಲ್ಲಿಯ ಕೊನೆಯ ಮನೆ, ಒಂಟಿಯಾಗಿರುವ ದರ್ಜಿಯದ್ದು, ಉಸಿರೆತ್ತುತ್ತಿಲ್ಲ. "ದರ್ಜಿಯಣ್ಣಾ, ಒಳಗಿದ್ದೀಯಾ?" ಕೂಗಮ್ಮ ಮೂರು ಸಲ ಕೂಗುತ್ತಾರೆ. ಪಕ್ಕದ ಮನೆಯಾಕೆ ಕಿಟಕಿಯಿಂದಲೇ, ಒಳಗೇ ಇರ್ತಾನೆ ಬಿಡಿ, ಎಲ್ಲಿಗೆ ಹೋಗ್ತಾನೆ ಎನ್ನುತ್ತಾರೆ. ಕೂಗಮ್ಮ ಅದನ್ನು ಕಿವಿಗೇ ಹಾಕಿಕೊಳ್ಳುವುದಿಲ್ಲ. ಕಂಬದ ಮೇಲಿಂದ ಮಗಳ ದನಿ ಶುರುವಾಗುತ್ತದೆ, ಮೂರು ಸಲ ಹೇಳಿ ಮುಗಿಸುತ್ತದೆ. ಸೈರನ್ ಊದಿ ನಿಲ್ಲುತ್ತದೆ. ದಿಬ್ಬದ ಮೇಲೆ ಮೇಸ್ತ್ರಿ ಇತ್ತಲೇ ನೋಡುತ್ತಾ ನಿಂತಿದ್ದಾನೆ. ಏಳು ಗಂಟೆ ದಾಟುತ್ತದೆ, ಕೆಂಪು ಬಾವುಟ ಇಳಿಯುವುದಿಲ್ಲ.

ಬೈಕೊಂದು ಧೂಳೆಬ್ಬಿಸಿಕೊಂಡು ಬರುತ್ತದೆ. ಓಡಿಸುತ್ತಿರುವವರು ಸುರಕ್ಷತಾ ಅಧಿಕಾರಿ, ಹಿಂದೆ ಕೂತವಳು ಮಗಳು. ಅಧಿಕಾರಿ ಗಡಿಯಾರ ತೋರಿಸಿ ಗದರುತ್ತಾರೆ. ಮಗಳು ತಲೆ ತಗ್ಗಿಸಿಕೊಂಡೇ ಅನುವಾದಿಸುತ್ತಾಳೆ: "ಎಲ್ಲರಿಗೂ ತಿಳಿಯೋ ಭಾಷೇಲಿ ಸ್ಪಷ್ಟವಾಗಿ ಹೇಳಿದ್ದೀವಲ್ಲ, ಇನ್ನೇನು ಬೇಕು ಅಂತಿದ್ದಾರಮ್ಮ."

"ಚೆನ್ನಾಗೇ ಹೇಳಿದ್ದೀಯ ಮಗಳೇ. ನಿನ್ನ ದನೀಲಿ ತಪ್ಪಿಲ್ಲ, ಆ ಭಾಷೇಲೂ ತಪ್ಪಿಲ್ಲ. ಆದರೆ ಅದು ಹೇಳಿ ಸುಮ್ಮನಾಗುತ್ತೆ. ಒಳಗಿರೋರು ಏನಂದ್ರು ಅಂತ ನಿಂತು ವಿಚಾರಿಸಲ್ಲ."

ಮಗಳು ಅದನ್ನು ಆ ಭಾಷೆಗೆ ತಿರುಗಿಸುವಷ್ಟರಲ್ಲಿ ಕೂಗಮ್ಮ ಪಕ್ಕದ ಸಂದಿಯಲ್ಲಿ ನುಗ್ಗಿ ಹಿತ್ತಲಿಗೆ ಹೋಗಿಯಾಗಿದೆ. ನಾವೂ ಹಿಂದೆಯೇ ಓಡುತ್ತೇವೆ. ಗಣಿಗೆ ಎದುರಾಗಿ, ಬಟಾಬಯಲಲ್ಲಿ, ದರ್ಜಿ ಸ್ಟೂಲಿನ ಮೇಲೆ ಕೂತಿದ್ದಾನೆ. ಕಿವಿಯಲ್ಲಿ ಇಯರ್‌ಫೋನು, ಕಣ್ಣು ಮುಚ್ಚಿದೆ, ತುಟಿ ಪಿಟಿಪಿಟಿ ಅಲುಗುತ್ತಿದೆ. ಮೊಬೈಲಿನಲ್ಲಿ ಆಫೀಸಿನ ಭಾಷೆಯ ಪಾಠ ನಡೆಯುತ್ತಿದೆ. ಕಂಪನಿಯ ಸಮವಸ್ತ್ರ ಹೊಲಿಯುವ ಕೆಲಸ ಸಿಗಬೇಕಾದರೆ ಭಾಷೆ ಬರಬೇಕಂತೆ. ನಮ್ಮನ್ನೆಲ್ಲ ಕಂಡು ಬೆಚ್ಚಿ ಎದ್ದು, "ಇದ್ದೀನಕ್ಕ, ಒಬ್ಬನೇ" ಎನ್ನುತ್ತಾನೆ. ಒಳಗೆ ಹೋಗಿ ಹೇಳು ಎಂದು ಕೂಗಮ್ಮ ಅವನನ್ನು ದಬ್ಬುತ್ತಾರೆ. ಅಧಿಕಾರಿ ಒಮ್ಮೆ ಸ್ಟೂಲನ್ನೂ ಒಮ್ಮೆ ಗಣಿಯನ್ನೂ ನೋಡುತ್ತಾರೆ.

ಉಳಿದದ್ದು ಶೆಡ್ಡುಗಳು. ಅಲ್ಲಿ ಕೂಗಮ್ಮ ಆಫೀಸಿನ ಭಾಷೆಯಲ್ಲೇ ಕೂಗುತ್ತಾರೆ. ಒಳಗಿದ್ದೀರಾ, ಎಷ್ಟು ಜನ ಎಂದು ಕೇಳಲು ಶೆಡ್ಡಿನ ಅಡುಗೆಯವನು ಕಲಿಸಿಕೊಟ್ಟ ಏಳು ಪದ, ಅದರಾಚೆ ಒಂದಕ್ಷರವೂ ಅವರಿಗೆ ಬಾರದು. ಒಂದರಿಂದ ಮೂವತ್ತೆರಡು, ಇನ್ನೊಂದರಿಂದ ಇಪ್ಪತ್ತೆಂಟು ಎಂಬ ಉತ್ತರ ಬರುತ್ತದೆ. ಅಮ್ಮನ ಬಾಯಲ್ಲಿ ಆ ಭಾಷೆಯನ್ನು ಮೊದಲ ಸಲ ಕೇಳಿದ ಮಗಳು ಮುಖ ಆಚೆಗೆ ತಿರುಗಿಸಿಕೊಂಡು ಕಣ್ಣೊರೆಸಿಕೊಳ್ಳುತ್ತಾಳೆ.

ಇನ್ನು ಬಾವುಟ ಎತ್ತುತ್ತಾರೆ ಎಂದುಕೊಂಡೆ, ಎತ್ತಲಿಲ್ಲ. ರಸ್ತೆಯ ನಡುವೆ ನಿಂತ ಅಧಿಕಾರಿಯ ಕಡೆ ತಿರುಗಿ ಅದೇ ಏಳು ಪದಗಳನ್ನು ಕೂಗುತ್ತಾರೆ, ಕೂಗಿ ನಿಲ್ಲುತ್ತಾರೆ. ಅಧಿಕಾರಿ ಮಗಳ ಮುಖ ನೋಡುತ್ತಾರೆ. ಮಗಳು ಈ ಸಲ ಬಾಯಿ ಬಿಡುವುದಿಲ್ಲ. ದಿಬ್ಬದ ಮೇಲೆ ಮೇಸ್ತ್ರಿ ಕಾಯುತ್ತಿದ್ದಾನೆ, ಮೂರು ಗಲ್ಲಿ ಬಾಗಿಲು ಹಾಕಿಕೊಂಡು ಕಾಯುತ್ತಿವೆ. ಅಧಿಕಾರಿ ಶೆಡ್ಡಿನ ಮೆಟ್ಟಿಲು ಹತ್ತಿ, ನನ್ನನ್ನೂ ಮಗಳನ್ನೂ ಒಳಗೆ ಕರೆದುಕೊಂಡು, ತಮ್ಮ ಭಾಷೆಯಲ್ಲಿ ಮೂರು ಜನ ಎಂದು ಕೂಗಿ ಹೇಳುತ್ತಾರೆ.

ಹಸಿರು ಬಾವುಟ ಏಳುತ್ತದೆ. ಕೂಗಮ್ಮ ಬಂದು ನಮ್ಮ ಪಕ್ಕ ನಿಂತ ಗಳಿಗೆಗೆ ನೆಲ ನಡುಗುತ್ತದೆ, ಶೆಡ್ಡಿನ ತಗಡು ಗಲಗಲ ಅಲುಗುತ್ತದೆ.

ಧೂಳು ಇಳಿದ ಮೇಲೆ ಮಗಳು ಅಮ್ಮನ ಹತ್ತಿರ ಬಂದು, ತೀರ್ಮಾನ ಅವರೊಬ್ಬರ ಕೈಯಲ್ಲಿಲ್ಲವಂತೆ, ಕಂಡದ್ದನ್ನು ಕಂಡ ಹಾಗೆ ವರದಿಯಲ್ಲಿ ಬರೀತಾರಂತೆ ಎನ್ನುತ್ತಾಳೆ. ಕೂಗಮ್ಮ ಬಾವುಟ ಮಡಚುತ್ತಾ ಕೇಳಿಸಿಕೊಳ್ಳುತ್ತಾರೆ.

"ಬರೀಲಿ. ಅವರ ಭಾಷೇಲೇ ಬರೀಲಿ, ನನಗೇನೂ ಬೇಜಾರಿಲ್ಲ. ನಾಲ್ಕು ದಿನ ಆದಮೇಲೆ ನಾನೇ ಕೂಗಬೇಕು ಅಂತಾನೂ ಇಲ್ಲ. ನಿಂತು ಕೂಗಿದಾಗ ತಾವೂ ಓಗೊಟ್ವಿ ಅನ್ನೋದನ್ನ ಮಾತ್ರ ಬಿಡದೆ ಬರೀಲಿ."