ಖಾಲಿ ಜೋಕಾಲಿಗೆ ಮೂರು ಜೀಕು

ಇಂಥ ಸಂಗತಿಗಳನ್ನು ಬೇರೆಯವರು ಹೇಳಿದಾಗ ನಕ್ಕವಳು ನಾನು. ಲಿಂಗಪೂಜೆ ಆಗದೆ ಬಾಯಿಗೆ ನೀರು ಹಾಕದ ಮನೆತನ ನಮ್ಮದು. ದೇವರ ಮೇಲೆ ಎಷ್ಟು ನಂಬಿಕೆಯೋ ದೆವ್ವ-ಭೂತದ ಮಾತಿನ ಮೇಲೆ ಅಷ್ಟೇ ಅಪನಂಬಿಕೆ. ಆದ್ದರಿಂದ ಇದನ್ನು ಓದಿ ನೀವು ನಕ್ಕರೆ ನನಗೆ ಬೇಸರವಿಲ್ಲ. ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಯಜಮಾನರಿಗೆ ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಯಲ್ಲಿ ಕೆಲಸ, ಶಿವಬಸವ ನಗರದಲ್ಲಿ ಎರಡು ಕೋಣೆಯ ಬಾಡಿಗೆ ಮನೆ, ನಾಲ್ಕು ವರ್ಷದ ಮಗಳು ಶೈಲಾ. ನಾಗರ ಪಂಚಮಿಗೆ ನಮ್ಮ ಕಡೆ ಹೆಣ್ಣುಮಕ್ಕಳು ತವರಿಗೆ ಹೋಗುತ್ತಾರೆ. ಅಣ್ಣನೋ ತಮ್ಮನೋ ಕರೆಯಲು ಬರುತ್ತಾನೆ. ನನಗೆ ಒಡಹುಟ್ಟಿದವರಿಲ್ಲ, ಅವ್ವನೂ ತೀರಿಕೊಂಡಿದ್ದಳು. ಆ ವರ್ಷ ಮಗಳನ್ನು ಕರೆದುಕೊಂಡು ಖಾನಾಪುರಕ್ಕೆ, ಅತ್ತೆಯ ಮನೆಗೇ ಹೋದೆ. ಅತ್ತೆ ನನಗೆಂದೇ ಶೇಂಗಾ ಉಂಡಿ ಕಟ್ಟಿಟ್ಟಿದ್ದರು. ಅಂಥ ಅತ್ತೆ ಸಿಕ್ಕಿದ್ದೂ ಶಿವನ ಕೃಪೆಯೇ.

ಆ ಓಣಿಯಲ್ಲಿ ಒಂದು ಪದ್ಧತಿ ಇತ್ತು. ಪಂಚಮಿಯ ದಿನ ನಾಗಪ್ಪನಿಗೆ ಹಾಲೆರೆದು ಬಂದ ಮೇಲೆ ಜೋಕಾಲಿಯಲ್ಲಿ ಯಾರೂ ಒಮ್ಮೆಲೇ ಕೂರುವಂತಿಲ್ಲ. ಮೊದಲು ಖಾಲಿ ಜೋಕಾಲಿಯನ್ನು ಮೂರು ಸಲ ಜೀಕಬೇಕು, ಜೀಕಿಗೊಮ್ಮೆ “ಹಾಲಗ ಹಾಲೀ!” ಎಂದು ಕೂಗಬೇಕು. ನಾಗಪ್ಪನ ಹಾಲಿನ ಮಾತು ಎಂದೇ ಎಲ್ಲರ ತಿಳಿವಳಿಕೆ.

ಹೊರಗೆ ಜಿಟಿಜಿಟಿ ಮಳೆ. ಜೋಕಾಲಿಯನ್ನು ಪಡಸಾಲೆಯ ತೊಲೆಗೆ ಕಟ್ಟಿದ್ದರು. ಶೈಲಾಳ ಹಟ ತಡೆಯಲಾರದೆ ಅವಳನ್ನು ಎತ್ತಿ ಮಣೆಯ ಮೇಲೆ ಕೂರಿಸಿದೆ. ಅಷ್ಟರಲ್ಲಿ ಉಂಡಿಯ ತಾಟು ಹಿಡಿದು ಬಂದ ಬಾಜು ಮನೆಯ ಗಂಗಕ್ಕ, “ಅಯ್ಯ, ಹಾಲಗ ಹಾಲಿ ಅನ್ನದ ಕುಂದ್ರಿಸೇ ಬಿಟ್ಟೇನವಾ?” ಎಂದಳು.

“ಹುತ್ತಕ್ಕ ಎರದ ಬಂದೇವಲ್ರಿ ಗಂಗಕ್ಕಾ, ಇನ್ನ ಜೋಕಾಲಿಗೂ ಹಾಲ ಕುಡಸೂದೇನು?”

“ಬೆಳಗಾವಿ ಸೊಸಿ ಭಾಳ ಶಾಣ್ಯಾಕಿ ಬಿಡ್ರಿ,” ಎಂದು ಒಳಗಿದ್ದ ಅತ್ತೆಗೆ ಕೇಳುವಂತೆ ಹೇಳಿ, ತಾಟು ಇಟ್ಟು ಹೋದಳು.

ನಾಲ್ಕೈದು ಜೀಕು ಆಗಿರಬಹುದು. ಶೈಲಾ ಮಣೆಯ ಒಂದು ಬದಿಗೆ ಸರಿದಳು. ಬಸ್ಸಿನಲ್ಲಿ ಯಾರಿಗಾದರೂ ಜಾಗ ಕೊಡುವಾಗ ಸರಿಯುತ್ತೇವಲ್ಲ, ಹಾಗೆ. ಬಿದ್ದಾಳೆಂದು ನಾನು ಹಗ್ಗ ಹಿಡಿದು ನಿಲ್ಲಿಸಿದೆ.

“ಯವ್ವಾ, ಇಳಸು ನನ್ನ. ಮಾವಶಿ ಇಳಿ ಅನ್ನಾಕತ್ತಾಳ.”

ನನಗೆ ಅಕ್ಕ-ತಂಗಿಯರಿಲ್ಲ, ಇದು ಯಾವ ಮಾವಶಿ ಎಂದು ಕೇಳಿದೆ. “ಈಕಿ. ಪೂರಾ ತೊಯ್ಸಿಕೊಂಡಾಳ ನೋಡು,” ಎಂದು ಪಕ್ಕದ ಖಾಲಿ ಜಾಗ ತೋರಿಸಿದಳು.

ಮಕ್ಕಳ ಆಟವೆಂದು ಇಳಿಸಿದೆ. ಇಳಿಸುವಾಗ ಕೈ ಮಣೆಗೆ ತಾಗಿತು. ಮಗಳು ಕೂತಿದ್ದ ಕಡೆ ಬೆಚ್ಚಗಿತ್ತು. ಆಚೆ ಕಡೆ ಒದ್ದೆ. ಹೊಳೆಯ ನೀರಿನಷ್ಟು ತಣ್ಣಗೆ, ಅಂಚಿನಿಂದ ತೊಟ್ಟಿಕ್ಕುತ್ತಿತ್ತು. ಮಗಳ ಲಂಗ ಮುಟ್ಟಿ ನೋಡಿದೆ, ಒಣಗಿತ್ತು. ಹಂಚು ಸೋರಿರಬೇಕೆಂದು ತಲೆ ಎತ್ತಿದೆ, ಎಲ್ಲೂ ಹನಿ ಇರಲಿಲ್ಲ. ಒರೆಸಲು ಅರಿವೆ ತರೋಣವೆಂದು ಮಗಳ ಕೈ ಹಿಡಿದು ಅಡುಗೆಮನೆಯ ಹೊಸ್ತಿಲು ದಾಟಿದ್ದೇ ತಡ, ಹಿಂದೆ ದಡಾರನೆ ಸದ್ದಾಯಿತು. ತೊಲೆ ಮುರಿದು ಹಂಚಿನ ಸಮೇತ ಜೋಕಾಲಿಯ ಮೇಲೆ ಬಿದ್ದಿತ್ತು. ಮಣೆ ಎರಡು ಹೋಳಾಗಿತ್ತು.

  ಓಡಿ ಬಂದ ಅತ್ತೆ ಮೊಮ್ಮಗಳ ಮೈಯೆಲ್ಲ ತಡವಿದರು. ಶೈಲಾ ಅವರಿಗೂ ತೊಯ್ದ ಮಾವಶಿಯ ಮಾತು ಹೇಳಿದಳು. ಅತ್ತೆ ಮುರಿದ ಮಣೆಯ ಮುಂದೆ ಕೂತರು.

“ಜೋಕಾಲಿಗೆ ಕೂಗೂದು ಹಾಲಲ್ಲ ಯವ್ವಾ,” ಎಂದರು. “ಆಲೀ ಗ ಆಲೀ. ಮರಾಠಿ ಮಾತದು. ಬಂದ್ಳು, ಬಂದ್ಳು ಅಂತ.”

ಅವರ ಅತ್ತೆಯ ಕಾಲದಲ್ಲಿ ಈ ಮನೆಯ ಅರ್ಧ ಭಾಗದಲ್ಲಿ ಒಂದು ಮರಾಠಿ ಕುಟುಂಬ ಇತ್ತಂತೆ. ಮಗಳನ್ನು ಮಲಪ್ರಭೆಯ ಆಚೆಯ ಹಳ್ಳಿಗೆ ಕೊಟ್ಟಿದ್ದರು. ಮದುವೆಯಾದ ಮೇಲಿನ ಮೊದಲ ಪಂಚಮಿಗೆ, ಹೊಳೆ ತುಂಬಿದೆಯೆಂದು ಅಣ್ಣ ಕರೆಯಲು ಹೋಗಲಿಲ್ಲ. ತವರಿನ ಆಸೆಗೆ ಆಕೆ ಒಬ್ಬಳೇ ಹೊರಟು, ಹೊಳೆ ದಾಟುವಾಗ ಕೊಚ್ಚಿಹೋದಳು. ಇತ್ತ ತಾಯಿ ಮಗಳಿಗೆಂದು ಜೋಕಾಲಿ ಕಟ್ಟಿಸಿ, ಅಂಗಳದಲ್ಲಿ ಸಪ್ಪಳವಾದಾಗಲೆಲ್ಲ ಖಾಲಿ ಮಣೆ ಜೀಕಿ “ಆಲೀ ಗ ಆಲೀ” ಎನ್ನುತ್ತಿದ್ದಳಂತೆ. ಬದುಕಿರುವ ತನಕ ಪ್ರತಿ ಪಂಚಮಿಗೂ ಹಾಗೆಯೇ ಮಾಡಿದಳು. ಆಮೇಲೆ ಮನಸ್ಸು ತಡೆಯದೆ ಅತ್ತೆಯ ಮನೆಯ ಹಿರಿಯರು ಮುಂದುವರಿಸಿದರು, ನೋಡಿ ನೋಡಿ ಓಣಿಯವರು ಕಲಿತರು, ಕನ್ನಡದ ಬಾಯಲ್ಲಿ ಆಲಿ ಹಾಲಾಯಿತು. ಹಬ್ಬದ ದಿನ ಸಾವಿನ ಮಾತೇಕೆಂದು ಅತ್ತೆ ಯಾರಿಗೂ ಹೇಳಿರಲಿಲ್ಲ. ಇಷ್ಟು ವರ್ಷ ಒಂದು ಓಣಿಗೆ ಓಣಿಯೇ ಆಕೆಯನ್ನು ಕರೆಯುತ್ತಿತ್ತು, ಯಾರನ್ನೆಂದು ತಿಳಿಯದೆ.

ತೊಲೆಯ ಒಳಗೆಲ್ಲ ಗೆದ್ದಲು ಹಿಡಿದಿತ್ತು, ಅದು ಮುರಿದದ್ದರಲ್ಲಿ ಆಶ್ಚರ್ಯವಿಲ್ಲ. ಮಾವಶಿ ಎನ್ನುವ ಮರಾಠಿ ಮಾತನ್ನು ಬೆಳಗಾವಿಯಲ್ಲಿ ಯಾವ ಮಗುವೂ ಕಲಿಯುತ್ತದೆ. ಆದರೆ ಆ ನೀರನ್ನು ನಾನೇ ಕೈಯಾರೆ ಮುಟ್ಟಿದ್ದೇನೆ. ಶೈಲಾಳಿಗೆ ಈಗ ಏನೂ ನೆನಪಿಲ್ಲ. 

ಉಪಕಾರ ಮಾಡಿದವರ ಹೆಸರು ಹಿಡಿದು ಪೂಜೆಯಲ್ಲಿ ನೆನೆಯುವುದು ನನ್ನ ರೂಢಿ. ಆಕೆಯ ಹೆಸರನ್ನು ಅತ್ತೆಗೆ ಕೇಳಿದೆ, ಗೊತ್ತಿರಲಿಲ್ಲ. ಓಣಿಯಲ್ಲೆಲ್ಲ ಕೇಳಿದೆ, ಅಲ್ಲೂ ಸಿಗಲಿಲ್ಲ. ಅವಳ ಸರದಿ ಬಂದಾಗ ಇವತ್ತಿಗೂ ಏನೆನ್ನಬೇಕೋ ತಿಳಿಯದೆ ಕಣ್ಣು ಮುಚ್ಚಿ ಕೂತಿರುತ್ತೇನೆ.